ಯಾರ ಧರ್ಮ? ಶಿಗ್ಗಾಂವಿಯ ಲೆಕ್ಕ ಮತ್ತು ಕಾನೂನಿನ ಒಂದು ಪದ

2023ರ ಮೇ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾಂವಿಯಲ್ಲಿ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಸೋತರು. ಗೆದ್ದವರು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಅಂತರ 35 ಸಾವಿರಕ್ಕೂ ಜಾಸ್ತಿ. ಮರುವರ್ಷ ಬೊಮ್ಮಾಯಿ ಲೋಕಸಭೆಗೆ ಹೋದರು, ಸೀಟು ಖಾಲಿಯಾಯಿತು, ನವೆಂಬರಿನಲ್ಲಿ ಉಪಚುನಾವಣೆ ಬಂತು. ಈ ಸಲ ಅದೇ ಪಠಾಣ್ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಸೋತವರು ಬೊಮ್ಮಾಯಿಯವರ ಮಗ ಭರತ್.

ನಡುವೆ ಕಳೆದದ್ದು ಹದಿನೆಂಟು ತಿಂಗಳು. ಮೊದಲ ಸಲ ಪಠಾಣ್ ಅವರಿಗೆ ಸಿಕ್ಕಿದ್ದು ಸುಮಾರು 64 ಸಾವಿರ ಮತ. ಎರಡನೇ ಸಲ ಒಂದು ಲಕ್ಷ ದಾಟಿತು. ಊರು ಅದೇ, ಮನುಷ್ಯ ಅವನೇ, ಅವರು ಹೋಗುವ ಮಸೀದಿಯೂ ಅದೇ. ಹಾಗಾದರೆ ಹೆಚ್ಚಾದ 36 ಸಾವಿರ ಮತ ಎಲ್ಲಿಂದ ಬಂತು?

ಅಭ್ಯರ್ಥಿಯ ಧರ್ಮ ನೋಡಿ ಮತ ಹಾಕಬೇಕಾ, ಬೇಡವಾ ಅನ್ನುವ ಚರ್ಚೆ ಚುನಾವಣೆ ಬಂದಾಗೆಲ್ಲ ಏಳುತ್ತದೆ. 'ಖಂಡಿತ ಬೇಡ' ಎಂದು ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಮನೆಗೆ ಹೋಗಿ ಜಾತಿ, ಧರ್ಮದ ಲೆಕ್ಕ ಹಾಕುತ್ತಾರೆ. ಅದಕ್ಕೇ ಉಪದೇಶ ಬಿಟ್ಟು ಮೊದಲು ಲೆಕ್ಕವನ್ನೇ ನೋಡೋಣ ಅನ್ನಿಸಿತು. ಶಿಗ್ಗಾಂವಿ ಅದಕ್ಕೆ ಒಳ್ಳೆಯ ಜಾಗ. ಬೊಮ್ಮಾಯಿ ಅಲ್ಲಿ 2008ರಿಂದ ಸತತ ನಾಲ್ಕು ಸಲ ಗೆದ್ದರು. ನಾಲ್ಕೂ ಸಲ ಕಾಂಗ್ರೆಸ್ ನಿಲ್ಲಿಸಿದ್ದು ಮುಸ್ಲಿಂ ಅಭ್ಯರ್ಥಿಯನ್ನು. 'ಲಿಂಗಾಯತರು ಇಷ್ಟಿರುವ ಕ್ಷೇತ್ರದಲ್ಲಿ ಮುಸ್ಲಿಮರಿಗೆ ಟಿಕೆಟ್ ಕೊಟ್ಟರೆ ಇನ್ನೇನಾಗುತ್ತೆ' ಎಂಬ ಮಾತು ಆ ಪಕ್ಷದೊಳಗೇ ಇತ್ತು. 1999ರಲ್ಲಿ ಅಲ್ಲಿಂದ ಜೆಡಿಎಸ್‌ನ ಅಜ್ಜಂಪೀರ್ ಖಾದ್ರಿ ಗೆದ್ದಿದ್ದು ಆ ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ.

2024ರಲ್ಲಿ ಆದ ಬದಲಾವಣೆಗಳನ್ನು ನೋಡಿ. ಎದುರಾಳಿ ಹಾಲಿ ಮುಖ್ಯಮಂತ್ರಿ ಆಗಿರಲಿಲ್ಲ, ಮೊದಲ ಸಲ ನಿಂತ ಹುಡುಗ. ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರ. ಉಪಚುನಾವಣೆ ಅಂದರೆ ಆಳುವ ಪಕ್ಷದ ಮಂತ್ರಿಗಳೆಲ್ಲ ಬಂದು ಊರಲ್ಲೇ ಬೀಡುಬಿಡುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಹೆಂಗಸರ ಖಾತೆಗೆ ಬರುತ್ತಿತ್ತು. ಇದರ ನಡುವೆ ಧರ್ಮದ ಗಾಳಿ ಬೀಸಲಿಲ್ಲ ಅಂತಲ್ಲ, ಜೋರಾಗಿಯೇ ಬೀಸಿತು. ರೈತರಿಗೆ ವಕ್ಫ್ ನೋಟಿಸ್ ಹೋದ ಗಲಾಟೆ ಶುರುವಾಗಿದ್ದು ಸರಿಯಾಗಿ ಆ ಪ್ರಚಾರದ ದಿನಗಳಲ್ಲೇ. ಬಿಜೆಪಿ ಅದನ್ನೇ ಮುಖ್ಯ ಅಸ್ತ್ರ ಮಾಡಿಕೊಂಡಿತು. ಮುಸ್ಲಿಂ ಅಭ್ಯರ್ಥಿ ಸೋಲಬೇಕಾದರೆ ಇದಕ್ಕಿಂತ ಅನುಕೂಲದ ಹೊತ್ತು ಬೇಕಿರಲಿಲ್ಲ. ಆದರೂ ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವರಿಗೇ ಹೋಯಿತು. ಅಷ್ಟು ಮತ ಒಂದೇ ಸಮುದಾಯದಿಂದ ಬರಲು ಸಾಧ್ಯವಿಲ್ಲ.

ಶಿಗ್ಗಾಂವಿಯ ಜನ ಧರ್ಮ ನೋಡುವುದಿಲ್ಲ ಎಂದು ಇದರಿಂದ ತೀರ್ಮಾನ ಮಾಡಬೇಡಿ. ಕೆಲವರು ನೋಡುತ್ತಾರೆ. ಆದರೆ ಅದನ್ನು ನೋಡಿದ ಮೇಲೂ ಬೇರೆ ವಿಷಯ ನೋಡುವವರು ಗೆಲುವು ಸೋಲನ್ನು ತಿರುಗಿಸುವಷ್ಟು ಸಂಖ್ಯೆಯಲ್ಲಿ ಇದ್ದಾರೆ. ನನಗೆ ಕಾಣುವುದು ಇಷ್ಟು.

ಈಗ ಕಾನೂನಿಗೆ ಬರೋಣ. ಧರ್ಮದ ಹೆಸರಲ್ಲಿ ಮತ ಹಾಕುವುದು ಕಾನೂನಿಗೆ ವಿರುದ್ಧ ಎಂದು ತುಂಬ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಹಾಗೆ ಮತ ಕೇಳುವುದು ಮಾತ್ರ ತಪ್ಪು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಂ ಪ್ರಕಾರ ಅಭ್ಯರ್ಥಿಯಾಗಲಿ, ಅವನ ಏಜೆಂಟ್ ಆಗಲಿ, ಅವನ ಒಪ್ಪಿಗೆಯಿಂದ ಇನ್ನೊಬ್ಬರಾಗಲಿ ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಯ ಆಧಾರದಲ್ಲಿ ಮತ ಕೇಳಿದರೆ ಅದು ಭ್ರಷ್ಟ ಆಚರಣೆ. ಇಂಥವರಿಗೆ ಹಾಕಬೇಡಿ ಎಂದರೂ ಅಷ್ಟೇ. ಸಾಬೀತಾದರೆ ಚುನಾವಣೆಯೇ ರದ್ದು, ಆರು ವರ್ಷದವರೆಗೆ ಅನರ್ಹತೆ. ಮತದಾರನ ಬಗ್ಗೆ ಈ ಕಲಂ ಚಕಾರ ಎತ್ತುವುದಿಲ್ಲ. ಎತ್ತಲು ಬರುವುದೂ ಇಲ್ಲ. ಮತ ಗುಟ್ಟಿನದು, ಯಾರಿಗೆ ಹಾಕಿದೆ ಎಂದು ಕೋರ್ಟು ಕೂಡ ಕೇಳುವ ಹಾಗಿಲ್ಲ.

(ಗುಟ್ಟು ಅಂದರೂ ಪೂರ್ತಿ ಗುಟ್ಟಲ್ಲ ಬಿಡಿ. ಫಲಿತಾಂಶದ ನಂತರ ಫಾರಂ 20ರಲ್ಲಿ ಬೂತ್‌ವಾರು ಲೆಕ್ಕ ಹೊರಬರುತ್ತದೆ. ನಿಮ್ಮ ಮತ ಯಾರಿಗೆ ಹೋಯಿತು ಅನ್ನುವುದು ತಿಳಿಯದಿದ್ದರೂ ನಿಮ್ಮ ಓಣಿಯ ಮತ ಯಾರಿಗೆ ಹೋಯಿತು ಅನ್ನುವುದು ಪಂಚಾಯಿತಿ ಸದಸ್ಯನಿಗೆ ಬಾಯಿಪಾಠ. ಓಣಿಗಳು ಜಾತಿ, ಧರ್ಮದ ಮೇಲೆ ಹಂಚಿಹೋಗಿರುವ ಊರಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ.)

ಆ ಕಲಮಿನಲ್ಲಿ ಒಂದು ಸಣ್ಣ ಪದ ಇದೆ: 'ಅವನ'. ಅಂದರೆ 'ಅವನ ಧರ್ಮ'ದ ಆಧಾರದ ಮೇಲೆ ಮತ ಕೇಳಬಾರದು. 1961ರ ತಿದ್ದುಪಡಿಯಲ್ಲಿ ಬಂದು ಕೂತ ಪದ ಇದು. ಅವನ ಅಂದರೆ ಯಾರ? 'ನಾನು ಇಂಥ ಧರ್ಮದವನು, ನನಗೆ ಹಾಕಿ' ಅಂದರೆ ತಪ್ಪು, ಅದರಲ್ಲಿ ಅನುಮಾನ ಇಲ್ಲ. 'ನೀವು ಇಂಥ ಧರ್ಮದವರು, ಆದ್ದರಿಂದ ಹೀಗೆ ಹಾಕಿ' ಅಂದರೆ? ಅಲ್ಲಿ ಅಭ್ಯರ್ಥಿಯ ಧರ್ಮದ ಮಾತೇ ಬಂದಿಲ್ಲ, ಕೇಳುಗರ ಧರ್ಮದ ಮಾತು ಬಂದಿದೆ.

ಈ ಒಂದು ಪದದ ಮೇಲೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೂತಿತು. ಅಭಿರಾಮ್ ಸಿಂಗ್ ಪ್ರಕರಣ. ತೀರ್ಪು ಬಂದಿದ್ದು 2017ರ ಜನವರಿ 2ರಂದು, 4:3ರಲ್ಲಿ. ಆಗಿನ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್, ಮದನ್ ಲೋಕೂರ್, ಎಸ್.ಎ. ಬೋಬ್ಡೆ, ಎಲ್. ನಾಗೇಶ್ವರ ರಾವ್ ಹೇಳಿದ್ದು: ಅಭ್ಯರ್ಥಿಯ ಧರ್ಮವಾಗಲಿ, ಎದುರಾಳಿಯದಾಗಲಿ, ಮತದಾರನದಾಗಲಿ, ಯಾವುದರ ಹೆಸರಲ್ಲೂ ಕೇಳಬೇಡಿ. ಉಳಿದ ಮೂವರು ಒಪ್ಪಲಿಲ್ಲ. ಅವರ ಪರವಾಗಿ ಬರೆದವರು ಡಿ.ವೈ. ಚಂದ್ರಚೂಡ್. ಈ ದೇಶದಲ್ಲಿ ಜನರನ್ನು ತುಳಿದದ್ದೇ ಜಾತಿ, ಧರ್ಮ, ಭಾಷೆಯ ಹೆಸರಲ್ಲಿ. ಆ ನೋವನ್ನು ಚುನಾವಣೆಯಲ್ಲಿ ಮಾತಾಡಲೇಬಾರದು ಅಂದರೆ ಚುನಾವಣೆಯಲ್ಲಿ ಮಾತಾಡಲು ಉಳಿಯುವುದೇನು? ಅವರ ವಾದದ ತಿರುಳು ಇದು.

ನನಗೆ ಆ ಭಿನ್ನಮತವೇ ಹೆಚ್ಚು ಸರಿ ಅನ್ನಿಸುತ್ತದೆ. ನಮ್ಮ ಓಣಿಗೆ ಹತ್ತು ವರ್ಷದಿಂದ ಚರಂಡಿ ಇಲ್ಲ, ಪಕ್ಕದ ಓಣಿಗೆ ಇದೆ, ಯಾಕೆ ಎಂದು ಒಂದು ಮೊಹಲ್ಲಾದ ಜನ ಕೇಳಿದರೆ ಅದನ್ನು ಕೋಮುವಾದ ಎನ್ನಲು ಬರುವುದಿಲ್ಲ. ಆ ಜನರ ಮುಂದೆ ನಿಂತು ಅಭ್ಯರ್ಥಿ ಅದನ್ನೇ ಹೇಳಿದರೆ ಭ್ರಷ್ಟ ಆಚರಣೆ ಎನ್ನುವುದೂ ಕಷ್ಟ. 'ಅವನು ನಮ್ಮವನಲ್ಲ, ಹಾಕಬೇಡಿ' ಅನ್ನುವ ಮಾತಿನ ಜಾತಿಯೇ ಬೇರೆ. ಎರಡರಲ್ಲೂ ಧರ್ಮದ ಹೆಸರು ಬರುತ್ತದೆ. ಮೊದಲನೆಯದು ಸರ್ಕಾರದಿಂದ ಆಗಬೇಕಾದ ಕೆಲಸ ಕೇಳುತ್ತದೆ, ಎರಡನೆಯದು ಒಬ್ಬ ಮನುಷ್ಯನನ್ನು ಹೊರಗಿಡಲು ನೋಡುತ್ತದೆ.

ಈ ಎರಡನೇ ಬಗೆಯ ಮಾತಿಗೆ ಒಂದು ವಿಚಿತ್ರ ಉದಾಹರಣೆ ಇದೆ. 1972ರಲ್ಲಿ ಮುಂಬೈನ ಕುಂಭಾರವಾಡ ಕ್ಷೇತ್ರದಲ್ಲಿ ಗೆದ್ದ ಬುಖಾರಿ ಎಂಬವರ ಆಯ್ಕೆ ರದ್ದಾಯಿತು. ಅವರು ಹಿಂದೂಗಳ ವಿರುದ್ಧ ಏನೋ ಹೇಳಿರಬೇಕು ಅಂದುಕೊಂಡಿರಾ? ಅವರ ಎದುರಾಳಿ ಚಾಗ್ಲಾ ಕೂಡ ಮುಸ್ಲಿಮರೇ. ಆತ ನಿಜವಾದ ಮುಸ್ಲಿಮನಲ್ಲ ಎಂಬುದು ಬುಖಾರಿಯವರ ಪ್ರಚಾರವಾಗಿತ್ತು. 1975ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಧರ್ಮದ ಹೆಸರಲ್ಲಿ ಮತ ಕೇಳಿದ ಹಾಗೇ ಎಂದಿತು. ಧರ್ಮ ಒಂದೇ ಆದರೂ ಅದರೊಳಗೆ ಯಾರು ಜಾಸ್ತಿ ಅಸಲಿ ಎಂಬ ಪೈಪೋಟಿ ಶುರುವಾಗುತ್ತದೆ. ಧರ್ಮ ನೋಡಿ ಮತ ಹಾಕುವುದಕ್ಕೆ ಎಲ್ಲಿಯೂ ನಿಲ್ದಾಣ ಇಲ್ಲ ಅನ್ನುವುದು ಅಲ್ಲಿ ಕಾಣುತ್ತದೆ.

ಕಾನೂನಿಗೆ ಹಲ್ಲಿದೆಯಾ? ಇದೆ, ಆದರೆ ಕಚ್ಚುವುದು ತಡವಾಗಿ. 1987ರಲ್ಲಿ ಮುಂಬೈನ ವಿಲೆ ಪಾರ್ಲೆ ಉಪಚುನಾವಣೆಯಲ್ಲಿ ಮಾಡಿದ ಭಾಷಣಗಳಿಗಾಗಿ ಬಾಳ ಠಾಕ್ರೆ ಮತದಾನದ ಹಕ್ಕು ಕಳೆದುಕೊಂಡದ್ದು 1999ರಲ್ಲಿ. ಹನ್ನೆರಡು ವರ್ಷ! ಅಭಿರಾಮ್ ಸಿಂಗ್ ಪ್ರಕರಣ ಹುಟ್ಟಿದ್ದು 1990ರ ಸಾಂತಾಕ್ರೂಜ್ ಚುನಾವಣೆಯಲ್ಲಿ, ಆ ಒಂದು ಪದದ ಅರ್ಥ ತೀರ್ಮಾನವಾಗಿದ್ದು 27 ವರ್ಷದ ಮೇಲೆ. ಶಾಸಕನ ಅವಧಿ ಐದೇ ವರ್ಷ. ಇನ್ನು ಅರ್ಜಿ ಹಾಕಬೇಕಾದರೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೇ ಹೋಗಬೇಕು. ಭಾಷಣ ಮಾಡಿದವನು ಬೇರೆಯಾದರೆ ಅಭ್ಯರ್ಥಿಯ ಒಪ್ಪಿಗೆ ಇತ್ತು ಎಂದು ಸಾಬೀತು ಮಾಡಬೇಕು. ನಾಮಪತ್ರ ಸಲ್ಲಿಸುವ ಮೊದಲು ಆಡಿದ ಮಾತು ಈ ಕಲಮಿನ ಲೆಕ್ಕಕ್ಕೇ ಬರುವುದಿಲ್ಲ, ಯಾಕೆಂದರೆ ಆಗ ಅವನಿನ್ನೂ 'ಅಭ್ಯರ್ಥಿ' ಆಗಿರುವುದಿಲ್ಲ. ಜಾಣರಿಗೆ ಇಷ್ಟು ಸಂದು ಸಾಲದೇ?

ಕೋರ್ಟಿನ ಮಾತೂ ಒಂದೇ ದಾರಿಯಲ್ಲಿ ಸಾಗಿಲ್ಲ. ಠಾಕ್ರೆ ಭಾಷಣಗಳು ತಪ್ಪು ಎಂದ ದಿನವೇ, 1995ರ ಡಿಸೆಂಬರ್ 11ರಂದು, ಶಿವಸೇನೆಯ ಮನೋಹರ ಜೋಶಿಯವರ ಆಯ್ಕೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮೊದಲ ಹಿಂದೂ ರಾಜ್ಯ ಮಹಾರಾಷ್ಟ್ರದಲ್ಲೇ ಆಗುತ್ತದೆ ಎಂದು ಜೋಶಿ ಹೇಳಿದ್ದು ಬರೀ ಒಂದು ಆಸೆ, ಧರ್ಮದ ಮೇಲೆ ಮತ ಕೇಳಿದ ಹಾಗಲ್ಲ ಎಂದು ನ್ಯಾಯಮೂರ್ತಿಗಳು ಅರ್ಥ ಮಾಡಿದರು. ಅದನ್ನು ಓದಿದ ಯಾವ ವಕೀಲನಿಗೂ ಮುಂದಿನ ಭಾಷಣ ಹೇಗೆ ಬರೆಯಬೇಕು ಎಂದು ಗೊತ್ತಾಗಿರುತ್ತದೆ. 2023ರಲ್ಲಿ ನಮ್ಮಲ್ಲೇ, ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಬಜರಂಗದಳದ ಹೆಸರು ಬಂದ ಮೇಲೆ, ಬಟನ್ ಒತ್ತುವಾಗ ಜೈ ಬಜರಂಗಬಲಿ ಎನ್ನಿ ಎಂದು ಪ್ರಧಾನಿಯೇ ಸಭೆಯಲ್ಲಿ ಹೇಳಿದರು. ವಿರೋಧ ಪಕ್ಷಗಳು ಆಕ್ಷೇಪಿಸಿದವು. ಮತದಾನ ಆಯಿತು, ಫಲಿತಾಂಶ ಬಂತು, ಆ ವಿಷಯ ಅಲ್ಲಿಗೆ ತಣ್ಣಗಾಯಿತು.

ಕಾನೂನಿನ ಕೈ ಇಷ್ಟೇ ಉದ್ದ ಅಂದಮೇಲೆ ಪ್ರಶ್ನೆ ಮತ್ತೆ ಮತದಾರನ ಹತ್ತಿರವೇ ಬರುತ್ತದೆ. ಅಭ್ಯರ್ಥಿಯ ಧರ್ಮ ನೋಡಿದರೆ ನಮಗೆ ಏನಾದರೂ ಗೊತ್ತಾಗುತ್ತದೆಯಾ?

ಕರಾವಳಿಯ ಇತಿಹಾಸ ಒಮ್ಮೆ ತಿರುವಿ ನೋಡಿ. ಕೃಷ್ಣ ಮಠದ ಊರು ಉಡುಪಿ. ಅಲ್ಲಿಂದ ಕ್ಯಾಥೋಲಿಕ್ ಆಸ್ಕರ್ ಫರ್ನಾಂಡಿಸ್ 1980ರಿಂದ ಸತತ ಐದು ಸಲ ಲೋಕಸಭೆಗೆ ಹೋದರು. ಪಕ್ಕದ ಉತ್ತರ ಕನ್ನಡದಲ್ಲಿ 1999ರಲ್ಲಿ ಮಾರ್ಗರೆಟ್ ಆಳ್ವ ಗೆದ್ದರು, ಅದೂ ಅನಂತಕುಮಾರ್ ಹೆಗಡೆಯವರ ಎದುರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಹುಡುಗನಾಗಿದ್ದಾಗ ಪಾದ್ರಿಯಾಗಲು ಸೆಮಿನರಿ ಸೇರಿದ್ದವರು. 1977ರಲ್ಲಿ ಬಿಹಾರದ ಮುಜಫ್ಫರಪುರದಲ್ಲಿ ಜೈಲಿನಲ್ಲಿದ್ದುಕೊಂಡೇ 3 ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಆ ಊರಲ್ಲಿ ಕ್ಯಾಥೋಲಿಕರನ್ನು ಬೆರಳಲ್ಲಿ ಎಣಿಸಬೇಕು. ತುರ್ತು ಪರಿಸ್ಥಿತಿಯ ಸಿಟ್ಟು ಅಂಥದ್ದಿತ್ತು, ನಿಜ. ಅಲೆ ಇಲ್ಲದ ಹೊತ್ತಿನಲ್ಲಿ ನಾಲಂದಾದ ಜನ ಮೂರು ಸಲ ಅವರನ್ನೇ ಆರಿಸಿದ್ದಕ್ಕೆ ಏನು ಹೇಳುತ್ತೀರಿ?

ನನಗೆ ಎಲ್ಲಕ್ಕಿಂತ ಇಷ್ಟದ ಕತೆ ಬೆಂಗಳೂರು ಉತ್ತರದ್ದು. ಜಾಫರ್ ಷರೀಫ್ ಅಲ್ಲಿಂದ 1977ರಿಂದ ಏಳು ಸಲ ಗೆದ್ದವರು. ರೈಲ್ವೆ ಮಂತ್ರಿಯಾಗಿ ಮೀಟರ್‌ಗೇಜ್ ಹಳಿಗಳನ್ನು ಬ್ರಾಡ್‌ಗೇಜ್ ಮಾಡಿಸಿದವರು ಎಂದೇ ಹಳಬರು ಅವರನ್ನು ನೆನೆಯುತ್ತಾರೆ. 2004ರಲ್ಲಿ ಅವರನ್ನು ಸೋಲಿಸಲು ಬಿಜೆಪಿ ನಿಲ್ಲಿಸಿದ್ದು ಯಾರನ್ನು? ಮಿಜೋರಾಂನ ಕ್ರೈಸ್ತರಾದ, ನಿವೃತ್ತ ಪೊಲೀಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರನ್ನು. ಅವರ ಹೆಸರಲ್ಲಿ ಶಂಕರ್ ನಾಗ್ ಸಿನಿಮಾವೇ ಬಂದು ಹೋಗಿತ್ತು. ಸಾಂಗ್ಲಿಯಾನ ಗೆದ್ದರು. ಬಿಜೆಪಿಗೆ ಮತ ಹಾಕುವ ಹಿಂದೂ ಮತದಾರ ಕ್ರೈಸ್ತನೊಬ್ಬನ ಬಟನ್ ಒತ್ತಿದ. ಅವನಿಗೆ ಕಂಡದ್ದು ಪಕ್ಷ, ಜೊತೆಗೆ ಖಾಕಿ ಹಾಕಿದ ಒಬ್ಬ ದಕ್ಷ ಮನುಷ್ಯ.

ಅಲ್ಪಸಂಖ್ಯಾತರು ತಮ್ಮವರಿಗೇ ಹಾಕುತ್ತಾರೆ ಅನ್ನುವುದು ಇನ್ನೊಂದು ನಂಬಿಕೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಜೆಡಿಎಸ್ ಇಪ್ಪತ್ತಕ್ಕೂ ಹೆಚ್ಚು ಮುಸ್ಲಿಮರಿಗೆ ಟಿಕೆಟ್ ಕೊಟ್ಟಿತು. ಒಬ್ಬರೂ ಗೆಲ್ಲಲಿಲ್ಲ. ಮುಸ್ಲಿಂ ಬೆಂಬಲವನ್ನೇ ಹೆಚ್ಚು ನೆಚ್ಚಿಕೊಂಡ ಎಸ್‌ಡಿಪಿಐ ಪಕ್ಷಕ್ಕೂ ಒಂದು ಸೀಟು ಬರಲಿಲ್ಲ. ಗೆದ್ದ ಒಂಬತ್ತು ಮುಸ್ಲಿಂ ಶಾಸಕರೂ ಕಾಂಗ್ರೆಸ್ಸಿನವರೇ. ಹಿಜಾಬ್ ಗಲಾಟೆ, ಮೀಸಲಾತಿ ರದ್ದು ಇವೆಲ್ಲ ಕಂಡ ಮತದಾರ ಅಭ್ಯರ್ಥಿಯ ಹೆಸರು ನೋಡಲಿಲ್ಲ, ಸರ್ಕಾರ ಬದಲಿಸುವ ಶಕ್ತಿ ಯಾರಿಗಿದೆ ಎಂದು ನೋಡಿದ. ಇಲ್ಲಿ ಧರ್ಮ ಕೆಲಸ ಮಾಡಿತು, ಆದರೆ ಅದು ಮತದಾರನ ಧರ್ಮ. ಮತ್ತೆ ಅದೇ ಪ್ರಶ್ನೆ: 'ಅವನ' ಅಂದರೆ ಯಾರ?

ಇಡೀ ಸಮುದಾಯದ ಮತವನ್ನು ಒಂದು ನಿರ್ಧಾರದಿಂದ ಗಿಟ್ಟಿಸಬಹುದು ಎಂದು ಲೆಕ್ಕ ಹಾಕಿದವರೂ ಇದ್ದಾರೆ. 2018ರ ಮಾರ್ಚಿನಲ್ಲಿ, ಚುನಾವಣೆ ಎದುರಿಗಿದ್ದಾಗಲೇ, ರಾಜ್ಯ ಸರ್ಕಾರ ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸನ್ನು ಕೇಂದ್ರಕ್ಕೆ ಕಳಿಸಿತು. ಕಾಂಗ್ರೆಸ್ 122ರಿಂದ 80ಕ್ಕೆ ಇಳಿಯಿತು. ಆ ಹೋರಾಟದ ಮುಂಚೂಣಿಯಲ್ಲಿದ್ದ ವಿನಯ್ ಕುಲಕರ್ಣಿ ಸೋತರು, ಎಂ.ಬಿ. ಪಾಟೀಲ್ ಗೆದ್ದರು. ಸೋಲಿಗೆ ಅದೊಂದೇ ಕಾರಣ ಅನ್ನುವುದು ತಪ್ಪಾಗುತ್ತದೆ, ಯಾಕೆಂದರೆ ಪಕ್ಷದ ಒಟ್ಟು ಮತ ಪ್ರಮಾಣ ಹೆಚ್ಚೇ ಆಗಿತ್ತು. ಅಂತೂ ಅಂದುಕೊಂಡ ಇಡುಗಂಟು ಕೈಗೆ ಬರಲಿಲ್ಲ. ಧರ್ಮದ ವಿಷಯಕ್ಕೆ ಕೈಹಾಕಿದ್ದು ತಪ್ಪಾಯಿತು ಎಂದು ಡಿ.ಕೆ. ಶಿವಕುಮಾರ್ ಅದೇ ವರ್ಷ ಬಹಿರಂಗವಾಗಿಯೇ ಹೇಳಿದರು.

ಹಾಗಂತ ಎಲ್ಲ ಸರಿ ಇದೆ ಎಂದು ಹೇಳಲು ಹೊರಟಿಲ್ಲ. ಅದೇ 2023ರಲ್ಲಿ ದಕ್ಷಿಣ ಕನ್ನಡ, ಉಡುಪಿಯ 13 ಸೀಟಿನಲ್ಲಿ 11 ಬಿಜೆಪಿಗೆ ಹೋಯಿತು. ರಾಜ್ಯದ ಗಾಳಿ ಅಲ್ಲಿಗೆ ತಟ್ಟಲೇ ಇಲ್ಲ. ಆಸ್ಕರ್ ಅವರನ್ನು ಐದು ಸಲ ಕಳಿಸಿದ ಉಡುಪಿಯಲ್ಲಿ ಇವತ್ತು ಒಬ್ಬ ಕ್ರೈಸ್ತನನ್ನೋ ಮುಸ್ಲಿಮನನ್ನೋ ನಿಲ್ಲಿಸಲು ಕಾಂಗ್ರೆಸ್ಸಿಗಾಗಲಿ ಬಿಜೆಪಿಗಾಗಲಿ ಧೈರ್ಯ ಸಾಲದು. ಮಂಗಳೂರು ಕ್ಷೇತ್ರದಲ್ಲಿ ಯು.ಟಿ. ಖಾದರ್ ಗೆಲ್ಲುತ್ತಾರೆ, ವಿಧಾನಸಭೆಯ ಮೊದಲ ಮುಸ್ಲಿಂ ಸ್ಪೀಕರ್ ಕೂಡ ಆದರು. ಆದರೆ ಆ ಕ್ಷೇತ್ರದಲ್ಲಿ ಮುಸ್ಲಿಂ ಮತದಾರರ ಸಂಖ್ಯೆಯೂ ದೊಡ್ಡದು.

ನನ್ನ ತಕರಾರು ಇರುವುದು ಇಲ್ಲಿಯೇ. ನಾವು ಮತದಾರನನ್ನು ಬೈಯುತ್ತೇವೆ. ಧರ್ಮದ ಸೋಸುವಿಕೆ ನಡೆಯುವುದು ಮಾತ್ರ ಅದಕ್ಕಿಂತ ಮೊದಲೇ, ಟಿಕೆಟ್ ಹಂಚುವ ಕೋಣೆಯಲ್ಲಿ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಮುಸ್ಲಿಮರು ಶೇ 12.92. 224 ಸೀಟಿಗೆ ಲೆಕ್ಕ ಹಾಕಿದರೆ 29 ಆಗುತ್ತದೆ. ಅಷ್ಟು ಇರಲೇಬೇಕು ಎಂದು ನಾನು ಹೇಳುವುದಿಲ್ಲ. ಧರ್ಮದ ಲೆಕ್ಕದ ಸೀಟು, ಪ್ರತ್ಯೇಕ ಮತದಾರರ ಪಟ್ಟಿ ಇವನ್ನೆಲ್ಲ ಬ್ರಿಟಿಷರ 1909ರ ಏರ್ಪಾಟಿನಲ್ಲಿ ನೋಡಿ ಸುಸ್ತಾಗಿಯೇ ಸಂವಿಧಾನ ಮಾಡಿದವರು ಬೇಡ ಎಂದರು, 325ನೇ ವಿಧಿಯಲ್ಲಿ ಎಲ್ಲರಿಗೂ ಒಂದೇ ಪಟ್ಟಿ ಎಂದು ಬರೆದರು. ಒಳ್ಳೆಯದೇ ಆಯಿತು. ಆದರೆ ಆ ನಿರ್ಧಾರದ ಹಿಂದೆ ಒಂದು ಭರವಸೆ ಇತ್ತು, ಪಕ್ಷಗಳು ಎಲ್ಲರನ್ನೂ ಎಲ್ಲ ಕಡೆ ನಿಲ್ಲಿಸುತ್ತವೆ ಎಂಬುದು. 1978ರಲ್ಲಿ 16 ಮುಸ್ಲಿಂ ಶಾಸಕರಿದ್ದರು. 2023ರಲ್ಲಿ ಒಂಬತ್ತು, ಶಿಗ್ಗಾಂವಿ ಸೇರಿ ಹತ್ತು. ಬಿಜೆಪಿ 2023ರಲ್ಲಿ ಒಬ್ಬರಿಗೂ ಟಿಕೆಟ್ ಕೊಡಲಿಲ್ಲ. ಕಾಂಗ್ರೆಸ್ ಕೊಟ್ಟಿದ್ದು 15, ಅದೂ ಹೆಚ್ಚಾಗಿ ಮುಸ್ಲಿಮರು ಜಾಸ್ತಿ ಇರುವ ಕಡೆ.

ಕೇಳಿದರೆ ಎರಡೂ ಕಡೆಯ ಉತ್ತರ ಒಂದೇ: 'ಗೆಲ್ಲಬೇಕಲ್ಲ ಸಾರ್.' ಜನ ಹಾಕುವುದಿಲ್ಲ, ಅದಕ್ಕೆ ನಿಲ್ಲಿಸುವುದಿಲ್ಲ. ನಿಲ್ಲಿಸುವುದಿಲ್ಲ, ಅದಕ್ಕೆ ಜನ ಹಾಕುತ್ತಾರೋ ಇಲ್ಲವೋ ಗೊತ್ತಾಗುವುದಿಲ್ಲ. ಹಾಗೆ ನೋಡಿದರೆ ಶಿಗ್ಗಾಂವಿಯಲ್ಲಿ ನಡೆದದ್ದು ಒಂದು ಹಟ. ನಾಲ್ಕು ಸಲ ಸೋತ ಮೇಲೂ ಐದನೇ ಸಲ ಅದೇ ಪ್ರಯೋಗ. ಬೇರೆ ಕ್ಷೇತ್ರಗಳಲ್ಲಿ ಎರಡನೇ ಅವಕಾಶವೇ ಸಿಗುವುದಿಲ್ಲ.

ಕಳೆದ ಚುನಾವಣೆಯಲ್ಲಿ ನಮ್ಮ ಬೀದಿಗೆ ಒಂದು ಪಕ್ಷದ ಹುಡುಗರು ಮತದಾರರ ಪಟ್ಟಿ ಹಿಡಿದು ಬಂದರು. ಗೇಟಿನ ಹತ್ತಿರ ನಿಂತು ಹೆಸರು ಓದಿಕೊಂಡೇ ಒಳಗೆ ಕಾಲಿಡುತ್ತಿದ್ದರು. ಎರಡು ಮನೆ ಬಿಟ್ಟು ಮುಂದೆ ಹೋದರು. ಯಾಕಪ್ಪ ಅಂದೆ. 'ಅಲ್ಲಿ ನಮಗೆ ಬೀಳಲ್ಲ ಅಂಕಲ್, ಸುಮ್ನೆ ಟೈಮ್ ವೇಸ್ಟ್' ಅಂದ ಒಬ್ಬ. ಒಂದು ಮನೆಯ ಯಜಮಾನ ನನಗೆ ಪರಿಚಯ. ಅವರ ದೊಡ್ಡ ತಲೆನೋವು ಬೀದಿದೀಪ, ಕಾವೇರಿ ನೀರಿನ ಬಿಲ್ಲು. ಕೇಳಿದ್ದರೆ ಅರ್ಧ ಗಂಟೆ ಹೇಳುತ್ತಿದ್ದರು.

ಅಭ್ಯರ್ಥಿಯ ನಂಬಿಕೆ ಏನೇ ಇರಲಿ, ಆ ವಿಚಾರವೇ ನಮಗೆ ಬೇಡ ಎಂದು ಕಣ್ಣು ಮುಚ್ಚಬೇಕಾ? ಇಲ್ಲ. ಅವನ ನಂಬಿಕೆ ನನ್ನ ಬದುಕಿಗೆ ಕೈಹಾಕುತ್ತದೆ ಅನ್ನುವಾಗ ಕೇಳಬೇಕು. ನನ್ನ ಮಗಳು ಏನು ಉಡಬೇಕು, ನಾನು ಏನು ತಿನ್ನಬೇಕು, ಯಾರನ್ನು ಮದುವೆಯಾಗಬೇಕು ಎಂದು ವಿಧಾನಸೌಧದಲ್ಲಿ ಕೂತು ನಿರ್ಧರಿಸುತ್ತೀಯಾ ಎಂದು ಕೇಳಲು ನನಗೆ ಹಕ್ಕಿದೆ. ಅದನ್ನು ಹಿಂದೂವಿಗೂ ಕೇಳಬೇಕು, ಮುಸ್ಲಿಮನಿಗೂ, ನಾಸ್ತಿಕನಿಗೂ. ಈ ಪ್ರಶ್ನೆಯನ್ನು ಒಂದೇ ಧರ್ಮದ ಅಭ್ಯರ್ಥಿಗೆ ಮಾತ್ರ ಕೇಳಿದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ನೆಪವಾಗುತ್ತದೆ. ಅಂದಹಾಗೆ ಸಂವಿಧಾನದಲ್ಲೇ ಪ್ರಮಾಣವಚನಕ್ಕೆ ಎರಡು ದಾರಿ ಇದೆ. ದೇವರ ಹೆಸರಲ್ಲಿ ತೆಗೆದುಕೊಳ್ಳಬಹುದು, ಇಲ್ಲವೇ ದೃಢವಾಗಿ ಹೇಳುತ್ತೇನೆ ಎಂದರೂ ಆಯಿತು. ನಂಬುವವನೂ ನಂಬದವನೂ ಕೂರುವುದು ಅದೇ ಸದನದಲ್ಲಿ.

ಶಿಗ್ಗಾಂವಿಯಲ್ಲಿ ಸೋತ ಹುಡುಗನ ಅಜ್ಜ ಎಸ್.ಆರ್. ಬೊಮ್ಮಾಯಿ. 1989ರಲ್ಲಿ ತಮ್ಮ ಸರ್ಕಾರ ವಜಾ ಮಾಡಿದ್ದನ್ನು ಪ್ರಶ್ನಿಸಿ ಅವರು ಕೋರ್ಟಿಗೆ ಹೋದರು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಅವರ ಹೆಸರಲ್ಲೇ ಇದೆ. ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಎಂದು ಅದರಲ್ಲಿ ಬರೆಯಲಾಗಿದೆ. ಮೊಮ್ಮಗನ ಎದುರು ಒಬ್ಬ ಮುಸ್ಲಿಂ ಅಭ್ಯರ್ಥಿ ಗೆದ್ದಾಗ ಟೀವಿಯವರು ಇದನ್ನು ಯಾಕೆ ನೆನಪಿಸಲಿಲ್ಲವೋ.

2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳಲ್ಲಿ ಮೂರು ದೊಡ್ಡ ಪಕ್ಷಗಳು ಸೇರಿ ನಿಲ್ಲಿಸಿದ ಮುಸ್ಲಿಂ ಅಭ್ಯರ್ಥಿ ಒಬ್ಬರೇ, ಬೆಂಗಳೂರು ಸೆಂಟ್ರಲ್‌ನಲ್ಲಿ ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್. 32 ಸಾವಿರ ಚಿಲ್ಲರೆ ಮತಗಳಿಂದ ಸೋತರು. 2009ರಿಂದ ಈಚೆಗೆ ರಾಜ್ಯದಿಂದ ಒಬ್ಬ ಮುಸ್ಲಿಮರೂ ಲೋಕಸಭೆಗೆ ಆರಿಸಿ ಹೋಗಿಲ್ಲ. ಉಳಿದ 27 ಕ್ಷೇತ್ರಗಳ ಮತದಾರರು ಧರ್ಮ ನೋಡುತ್ತಿದ್ದರೋ ಇಲ್ಲವೋ, ಅವರನ್ನು ಯಾರೂ ಕೇಳಲೇ ಇಲ್ಲ.